ಮೇಲಿನ ಗ್ಯಾಲರಿಯ ಪುಂಡಿ

ಪರೇಲಿನ ಚಾಳಿಗೆ ಬಂದ ಹೊಸತರಲ್ಲಿ ಅಂಬವ್ವನಿಗೆ ಮುಂಬಯಿಯ ಮೇಲೆ ಇದ್ದ ದೂರು ಒಂದೇ: ಇಷ್ಟು ದೊಡ್ಡ ಊರಿನಲ್ಲಿ ಒಂದು ಹಿಡಿ ಪುಂಡಿ ಸೊಪ್ಪು ಸಿಗುವುದಿಲ್ಲ. ಗಂಡ ಕಾಂತಪ್ಪ ಗಿರಣಿಯಲ್ಲಿ ನೇಕಾರ. ಅವನು ಪೇಟೆಯಿಂದ ತಂದ ಪಾಲಕವನ್ನು "ಹುಳಿ ಇಲ್ಲ, ರುಚಿ ಇಲ್ಲ, ದನಾ ತಿನ್ನೂ ಹುಲ್ಲು" ಎಂದು ಹೀಗಳೆಯುತ್ತಲೇ ತಿನ್ನುತ್ತಿದ್ದಳು. ಕೊನೆಗೆ ಇಂಡಿ ಕಡೆಯ ತವರಿನಿಂದ ಸೆರಗಿನ ಗಂಟಿನಲ್ಲಿ ಬೀಜ ತಂದಳು. ಎದುರು ಓಣಿಯಲ್ಲಿ ಪಾಯ ತೋಡುತ್ತಿದ್ದ ಕಡೆಯಿಂದ ಮಣ್ಣು ಹೊತ್ತು ಎರಡನೇ ಮಾಳಿಗೆ ಹತ್ತಿದಳು. ಖಾಲಿ ಎಣ್ಣೆ ಡಬ್ಬಿಗಳ ತಳಕ್ಕೆ ತೂತು ಹೊಡೆದು, ಗ್ಯಾಲರಿಯ ಕಟಾಂಜನದ ಹೊರಬದಿಗೆ ತಂತಿಯಿಂದ ಬಿಗಿದು ಬಿತ್ತಿದಳು. ಅಕ್ಕಿ ತೊಳೆದ ನೀರು, ಎಮ್ಮೆಗಳ ತಬೇಲೆಯಿಂದ ತಂದ ಸಗಣಿ ಕದಡಿದ ನೀರು, ಎಲ್ಲ ಅದಕ್ಕೇ.

ಆ ನೀರು ತೂತಿನಿಂದ ಇಳಿದು, ಮೊದಲ ಮಾಳಿಗೆಯ ಗಂಗುಬಾಯಿ ಒಣಹಾಕಿದ ಸೀರೆಯ ಮೇಲೆ ಬೀಳುತ್ತಿತ್ತು. ಗಂಗುಬಾಯಿ ಧಾರವಾಡದ ಕಡೆಯವಳು. ಅವಳ ಗಂಡ ಅದೇ ಗಿರಣಿಯಲ್ಲಿ ಜಾಬರ. ಕಾಂತಪ್ಪನಿಗೆ ಕೆಲಸ ಹೇಳುವವನು.

"ಸೀರಿ ಒಣಗಸಾಕ ಹಾಕೇನಿ, ಸಾರಸಾಕ ಅಲ್ಲ" ಎಂದು ಅವಳು ಕೆಳಗಿನಿಂದ ಕೂಗಿದಳು.

"ನೀರು ಮ್ಯಾಲಿಂದ ಕೆಳಗ ಹರಿಯೂದು ದೇವರು ಮಾಡಿದ್ದು, ಅಕ್ಕಾರ."

ಊಟಕ್ಕೆ ಕೂತ ಕಾಂತಪ್ಪ ಹಣೆ ಒತ್ತಿಕೊಂಡ. "ನಿನ್ನ ಪಲ್ಯದ ಸಲುವಾಗಿ ನನ್ನ ಮಗ್ಗ ಹೋಗ್ತದ ನೋಡು." ಹಾಗೆಂದವನು ಪಲ್ಯವನ್ನು ಮತ್ತೆ ಹಾಕಿಸಿಕೊಂಡ.

ಕೆಲವು ತಿಂಗಳಿಗೆ ಕೆಳಗಿನ ಕೂಗಾಟ ನಿಂತಿತು. ಗೆದ್ದೆನೆಂದುಕೊಂಡ ಅಂಬವ್ವ ಒಂದು ದಿನ ಬಗ್ಗಿ ನೋಡಿದರೆ, ಸೀರೆಗಳಿದ್ದ ಜಾಗದಲ್ಲಿ ಡಬ್ಬಿಗಳ ಸಾಲು! ಅವಳ ಒಂದೊಂದು ಡಬ್ಬಿಯ ಕೆಳಗೂ ಒಂದೊಂದು. ಅವುಗಳಲ್ಲಿ ಪುಂಡಿ, ಅವಳದಕ್ಕಿಂತ ದಪ್ಪ ದಂಟು, ಅಂಗೈಯಗಲದ ಎಲೆ. ಸಗಣಿಯ ಸಾರವೆಲ್ಲ ಸೋಸಿ ಕೆಳಗಿಳಿದಿತ್ತು.

"ಬೀಜ ಎಲ್ಲೀವು?"

"ನಿನ್ನ ಗಿಡದ್ವ. ಕಾಯಿ ಒಡದು ಉದುರಿದ್ವು. ದೇವರು ಮಾಡಿದ್ದು" ಎಂದಳು ಗಂಗುಬಾಯಿ.

ಅದು ರೇಶನ್ನಿನ ಕಾಲ. ಜಾಗ ಇದ್ದಲ್ಲೆಲ್ಲ ಬೆಳೆಯಿರಿ ಎಂದು ಸರಕಾರ ಸಾರುತ್ತಿತ್ತು. ಚಾಳಿನ ಗಿಡಗಳನ್ನು ನೋಡಲು ಸ್ಥೂಲಕಾಯದ ಸಾಹೇಬರೊಬ್ಬರು ಬಂದರು. ಮೊದಲ ಮಾಳಿಗೆ ಹತ್ತುವಷ್ಟರಲ್ಲಿ ಏದುಸಿರು ಬಂದು, ಜಾಬರನ ಕುರ್ಚಿಯಲ್ಲಿ ಕೂತು ಚಹಾ ಕುಡಿದರು.

"ಮೇಲೂ ಇವೆಯೇನು?"

"ಅದಾವ್ರಿ, ಸಣ್ಣವು" ಎಂದಳು ಗಂಗುಬಾಯಿ.

ಸಾಹೇಬರು ಮತ್ತೆ ಹತ್ತಲಿಲ್ಲ. ಬಹುಮಾನ ಗಂಗುಬಾಯಿಗೆ ಬಂತು: ಒಂದು ಹೂಮಾಲೆ, ಗಿಡಕ್ಕೆ ನೀರು ಹಾಕುವ ಒಂದು ತಗಡಿನ ಝಾರಿ. ಒಂದು ದಿನವೂ ಗಿಡಕ್ಕೆ ಹನಿ ನೀರು ಹಾಕದವಳು ಅದಕ್ಕೆ ಕುಂಕುಮ ಹಚ್ಚಿ ಗೋಡೆಗೆ ತೂಗುಹಾಕಿದಳು.

ಅಂಬವ್ವ ನೀರು ಹಾಕುವುದನ್ನೇ ಬಿಟ್ಟಳು. ಕೆಳಗಿನ ಗಿಡಗಳು ಬಾಡಿದವು. ಅದಕ್ಕೂ ಮೊದಲು ಮೇಲಿನವು ಬಾಡಿದವು.

"ಅಕಿ ಗಿಡಾ ಒಣಗಸಾಕ ನಮ್ಮವನ್ನ ಕೊಲ್ಲತೀಯೇನು?" ಎಂದ ಕಾಂತಪ್ಪ.

ಆ ಮಾತು ಚುಚ್ಚಿತು. ಕೊಡ ಹಿಡಿದು ನಳಕ್ಕೆ ಹೋದಳು. ಬೇಸಿಗೆ, ಎರಡನೇ ಮಾಳಿಗೆಯ ನಳದಲ್ಲಿ ಬರೀ ಗಾಳಿ ಬಂತು. ತನ್ನ ಸಿಟ್ಟಿಗೆ ಊರಿನ ನಳವೂ ಸೇರಿಕೊಂಡಿತಲ್ಲ ಎಂದು ಅವಳಿಗೆ ಅಳು ಬರುವಂತಾಯಿತು. ಅಷ್ಟರಲ್ಲಿ ಗಂಗುಬಾಯಿ ಹತ್ತಿ ಬಂದು ಹೊಸ್ತಿಲಲ್ಲಿ ಕೂತಳು.

"ಮೈಯಾಗ ಆರಾಮಿಲ್ಲೇನವಾ? ನೀರು ಬೀಳವಲ್ಲವು."

"ನಳಾ ಬರವಲ್ಲದು, ಅಕ್ಕಾರ." ಅರ್ಧ ನಿಜ, ಉಳಿದರ್ಧವನ್ನು ಇಬ್ಬರೂ ಕೆದಕಲಿಲ್ಲ.

ಮರುದಿನದಿಂದ ಗಂಗುಬಾಯಿ ಕೆಳಗಿನ ನಳದಲ್ಲಿ ಕೊಡ ತುಂಬಿ, ಹೊತ್ತು ಮೇಲೆ ತರತೊಡಗಿದಳು. ಮೆಟ್ಟಿಲಲ್ಲಿ ಯಾರೋ ಕೇಳಿದರು, ಆ ನೀರನ್ನು ನೆಟ್ಟಗೆ ನಿನ್ನ ಗಿಡಕ್ಕೇ ಹಾಕಬಾರದೇ ಎಂದು.

"ಹಾಕಿ ನೋಡೇನಿ. ಮ್ಯಾಲಿಂದ ಇಳದು ಬಂದ್ರನ ಅವಕ್ಕ ರುಚಿ."

ಅಂಬವ್ವ ಆ ಕೊಡ ಇಸಿದುಕೊಂಡು, ಸಗಣಿ ಕದಡಿ, ಎರಡೂ ಮನೆಯ ಗಿಡಗಳಿಗೆ ಸಾಲುವಷ್ಟು ನಿಧಾನವಾಗಿ ಹೊಯ್ಯುತ್ತಿದ್ದಳು.