ಹೀಟ್ ಪಂಪ್, ಫರ್ನೇಸ್ ಮತ್ತು ನಾನು ಬರೆದ ನಾಲ್ಕನೇ ಸಾಲು

ಸೌದಿ ಅರೇಬಿಯಾದಲ್ಲಿ ಇಬ್ಬರು ಒಂದು ತಿಂಗಳು ಹೀಟರ್ ವಿಷಯಕ್ಕೆ ಜಗಳವಾಡಿದರು ಎಂದರೆ ನಂಬುತ್ತೀರಾ? ನನ್ನ ಹೆಂಡತಿ ನಂಬಲಿಲ್ಲ. "ಅಲ್ಲಿ ಎಂತದ್ದು ಚಳಿ?" ಎಂದು ಫೋನಿನಲ್ಲೇ ನಕ್ಕಳು.

ಆದರೆ ಆ ಜಗಳಕ್ಕೆ ನಾನು ಸಾಕ್ಷಿ. ಬರೀ ಸಾಕ್ಷಿಯಲ್ಲ, ಸಹಿ ಹಾಕಿದ ಸಾಕ್ಷಿ. ಆ ಸಹಿಯ ವಿಷಯದಲ್ಲಿ ಮನಸ್ಸು ಇನ್ನೂ ಸರಿಹೋಗಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ, ಅವಸರ ಮಾಡದೆ ಹೇಳುತ್ತೇನೆ.

ರಿಯಾದಿನ ಮಲಾಜ್‌ನಲ್ಲಿ ನಮ್ಮ ಆಫೀಸು. ನಾನಲ್ಲಿ ಗುಮಾಸ್ತ, ಊರಿನವರ ಬಾಯಲ್ಲಿ 'ಮಾಸ್ಟ್ರು'. ನಮ್ಮೆಲ್ಲರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನ, ಅಬು ಸಾಲೆಹ್ ಕಳೆದ ನವೆಂಬರಿನಲ್ಲಿ ಅಮೆರಿಕದಿಂದ ಒಂದು ಕ್ಯಾರವಾನ್ ತರಿಸಿದರು. ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆ. ಒಳಗೆ ಮಂಚ, ಅಡುಗೆಯ ಒಲೆ, ಬಚ್ಚಲು ಎಲ್ಲ ಉಂಟು. (ನನ್ನ ಕೋಣೆಗಿಂತ ಮೂರು ಕಿಟಕಿ ಹೆಚ್ಚು. ಎಣಿಸಿದ್ದೇನೆ.)

ಇಲ್ಲಿಯವರು ಚಳಿಗಾಲದಲ್ಲಿ ಮರುಭೂಮಿಗೆ ಹೋಗಿ ಡೇರೆ ಹಾಕುತ್ತಾರೆ. ಅಬು ಸಾಲೆಹ್ ಕುಟುಂಬದ ಡೇರೆ ಪ್ರತಿವರ್ಷ ಹಫ್ರ್ ಅಲ್ ಬಾತಿನ್ ಕಡೆ. ಅಲ್ಲಿ ಬೆಳಗಿನ ಜಾವ ಕೆಲವೊಮ್ಮೆ ಬಕೆಟಿನ ನೀರೇ ಹೆಪ್ಪುಗಟ್ಟುತ್ತದೆ. ಅವರ ತಾಯಿಗೆ ಎಂಬತ್ತು ದಾಟಿದೆ. ಆ ತಾಯಿ ಬೆಚ್ಚಗೆ ಮಲಗಲಿ ಎಂದೇ ಈ ಕ್ಯಾರವಾನ್.

ಅದನ್ನು ಬೆಚ್ಚಗಿಡಲು ಎರಡು ಏರ್ಪಾಡುಗಳಿದ್ದವು. ಮಾಡಿನ ಮೇಲಿನ ಎಸಿಯೊಳಗೆ ಹೀಟ್ ಪಂಪ್. ಜನರೇಟರ್ ಇದ್ದರೆ ನಡೆಯುತ್ತದೆ. ಮಂಚದ ಕೆಳಗೆ ಫರ್ನೇಸ್. ಸಿಲಿಂಡರಿನ ಗ್ಯಾಸ್ ಉರಿಸಿ ಬಿಸಿಗಾಳಿ ಊದುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದು? ಜಗಳ ಹುಟ್ಟಿದ್ದೇ ಇಲ್ಲಿ.

ಹೀಟ್ ಪಂಪ್ ಪಕ್ಷದಲ್ಲಿ ಶಿರ್ವದ ಲಾರೆನ್ಸ್, ನಮ್ಮ ಎಸಿ ಮೆಕ್ಯಾನಿಕ್. ಫರ್ನೇಸ್ ಪಕ್ಷದಲ್ಲಿ ಉಳ್ಳಾಲದ ಹಮೀದಾಕ. ವೆಲ್ಡಿಂಗ್, ಗ್ಯಾಸು, ಬೆಂಕಿ ಎಲ್ಲ ಅವರ ಇಲಾಖೆ.

"ಇದು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ಒಳಗೆ ತರ್ತದೆ" ಎಂದ ಲಾರೆನ್ಸ್.

"ಹೊರಗೆ ಬಿಸಿ ಇದ್ದರೆ ಹೀಟರ್ ಎಂತಕ್ಕೆ ಮಾರಾಯ?" ಎಂದರು ಹಮೀದಾಕ.

"ಮತ್ತೆ ನಿಮ್ಮ ಹಾಗೆ ಮುದುಕಿಯ ಮಂಚದ ಕೆಳಗೆ ಒಲೆ ಹಚ್ಚುವುದಾ?"

"ಹೊಗೆ ಹೊರಗೆ ಹೋಗ್ಲಿಕ್ಕೆ ಪೈಪ್ ಉಂಟಲ್ಲ. ನಿನ್ನ ತಲೆಗೆ ಅದೂ ಇಲ್ಲ."

ಇದು ಚಹಾದ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ, ಒಂದು ತಿಂಗಳು ನಡೆಯಿತು. ಕೊನೆಗೆ ಅಬು ಸಾಲೆಹ್ ನನ್ನನ್ನು ಕರೆದರು. ಡಿಸೆಂಬರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹಫ್ರ್ ಅಲ್ ಬಾತಿನ್‌ಗೆ ಹೋಗಬೇಕು. ಎರಡೂ ಹೀಟರ್ ಪರೀಕ್ಷಿಸಬೇಕು. ಯಾವುದು ಒಳ್ಳೆಯದೆಂದು ಬರೆದು ಸಹಿ ಹಾಕಬೇಕು. ಗೆದ್ದ ಹೀಟರಿನವನು ಫೆಬ್ರವರಿ ಮುಗಿಯುವವರೆಗೆ ಕ್ಯಾರವಾನ್ ನೋಡಿಕೊಂಡು ಅಲ್ಲೇ ಇರಬೇಕು.

ಈ ಕೊನೆಯ ಮಾತನ್ನು ನಾನು ಇಬ್ಬರಿಗೂ ತಿಳಿಸಿದೆ. ಇಬ್ಬರೂ ಚಹಾದ ಲೋಟ ಕೆಳಗಿಟ್ಟರು.

ಲಾರೆನ್ಸ್‌ಗೆ ಜನವರಿಯಲ್ಲಿ ರಜೆ. ಎರಡು ವರ್ಷ ಕಾದ ರಜೆ. ಜನವರಿಯಲ್ಲೇ ಅವನ ಒಬ್ಬಳೇ ತಂಗಿಯ ಮದುವೆ. ತಂದೆ ಇಲ್ಲದ ಮನೆ. ಅವಳನ್ನು ಕೈಹಿಡಿದು ಇಗರ್ಜಿಯ ಒಳಗೆ ಕರೆದುಕೊಂಡು ಹೋಗಬೇಕಾದವನು ಇವನೇ. ಸೂಟ್ ಹೊಲಿಸಿ ಆಗಿತ್ತು.

ಹಮೀದಾಕರ ಕಷ್ಟ ಬೇರೆ. "ಅಲ್ಲಿ ಮೀನು ಸಿಗ್ತದಾ?" ಎಂದು ಕೇಳಿದರು. ಸಿಗುವುದು ಕಷ್ಟ ಎಂದೆ. ಅವರು ಕುರ್ಚಿಯ ಮೇಲೆ ಕುಳಿತುಕೊಂಡರು.

ಮರುದಿನದ ಚಹಾದಲ್ಲಿ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಯೋಚನೆ ಮಾಡಿದೆ ಲಾರೆನ್ಸೇ. ಪಂಪ್ ಅಂದ್ರೆ ಪಂಪೇ. ಬೆಂಕಿ ಇಲ್ಲ, ಹೊಗೆ ಇಲ್ಲ."

"ಇಲ್ಲ ಹಮೀದಾಕ. ವಯಸ್ಸಾದವರ ಮೈಗೆ ಗ್ಯಾಸಿನ ಬಿಸಿಯೇ ಆಗ್ಬೇಕು. ನಾನು ಸುಮ್ಮನೆ ಹಟ ಮಾಡಿದೆ."

ಇಷ್ಟು ವಿನಯವನ್ನು ನಾನು ಮದುವೆ ಮಾತುಕತೆಯಲ್ಲೂ ಕಂಡದ್ದಿಲ್ಲ.

ಪರೀಕ್ಷೆಗೆ ನಾನು ಎರಡು ಥರ್ಮಾಮೀಟರ್ ಒಯ್ದೆ, ಒಳಗೊಂದು, ಹೊರಗೊಂದು. ಮೊದಲು ಹೀಟ್ ಪಂಪಿನ ಸರದಿ. ಸಂಜೆ ಒಂದು ಗಂಟೆ ಓಡಿಸಿದರೂ ಒಳಗೆ ಏನೂ ಬಿಸಿಯಾಗಲಿಲ್ಲ. "ನೋಡಿ, ಪ್ರಯೋಜನ ಇಲ್ಲ" ಎಂದ ಲಾರೆನ್ಸ್, ಸ್ವಲ್ಪ ಬೇಗನೇ. ನಾನು ಏಣಿ ಹತ್ತಿ ನೋಡಿದೆ. ಎಸಿಯ ಮೇಲೆ ಧೂಳು ಬೀಳದಂತೆ ಹೊದಿಸಿದ ಪ್ಲಾಸ್ಟಿಕ್, ಹಗ್ಗದ ಗಂಟಿನ ಸಮೇತ, ಹಾಗೇ ಇತ್ತು. ನಾಲ್ಕು ಗಂಟು.

"ಓ, ಮರೆತೇ ಹೋಯ್ತು" ಎಂದ.

ಬಿಚ್ಚಿಸಿದೆ. ಪಂಪ್ ಚೆನ್ನಾಗಿ ಓಡಿತು. ಹೊರಗಿನ ತಾಪ ನಾಲ್ಕು ಡಿಗ್ರಿಗೆ ಇಳಿಯುವವರೆಗೂ ಒಳಗೆ ಇಪ್ಪತ್ತೊಂದು ಇತ್ತು. ಆಮೇಲೆ ಗಾಳಿ ಉಗುರುಬೆಚ್ಚಗಾಯಿತು, ಆಮೇಲೆ ಅದೂ ಇಲ್ಲ. ಬೆಳಿಗ್ಗೆ ಐದೂ ಹತ್ತಕ್ಕೆ ಹೊರಗೆ ಒಂದು ಡಿಗ್ರಿ, ಒಳಗೆ ಹನ್ನೆರಡು. (ಐದೂ ಎಂಟು ಇರಬಹುದು. ನನ್ನ ಗಡಿಯಾರ ಎರಡು ನಿಮಿಷ ಮುಂದೆ.) ನಾವು ಮೂವರೂ ಕಿವಿಗೆ ಮಫ್ಲರ್ ಸುತ್ತಿಕೊಂಡು, ಊರಿನ ಸೆಕೆಯನ್ನು ನೆನೆಯುತ್ತ ಕುಳಿತಿದ್ದೆವು.

ಮರುದಿನ ಫರ್ನೇಸ್. ಹತ್ತಿಸಿದರೆ ಉರಿ ಹಿಡಿಯುವುದೇ ಇಲ್ಲ. ಹಮೀದಾಕ ಕೈ ಚೆಲ್ಲಿದರು. ನಾನು ಸಿಲಿಂಡರಿನ ವಾಲ್ವ್ ತಿರುಗಿಸಿ ನೋಡಿದೆ. ಪೂರ್ತಿ ತೆರೆದೇ ಇರಲಿಲ್ಲ.

"ಮಾಸ್ಟ್ರೇ, ನಿಮಗೆ ಆಫೀಸಿನಲ್ಲಿ ಬೇರೆ ಕೆಲಸ ಇಲ್ವಾ?" ಎಂದರು ಹಮೀದಾಕ.

ತೆರೆದೆ. ಬೆಳಗಿನ ಜಾವ ಹೊರಗೆ ಸೊನ್ನೆ ಡಿಗ್ರಿ, ಒಳಗೆ ಇಪ್ಪತ್ತಮೂರು. ಲಾರೆನ್ಸ್‌ನ ಮುಖ ಅರಳಿತು. ಸೋತವನು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಬೆಳಿಗ್ಗೆ ನಾನು ಕಾಗದ ತೆಗೆದೆ. ಲಾರೆನ್ಸ್ ಚಹಾ ತಂದುಕೊಟ್ಟು ಪಕ್ಕದಲ್ಲಿ ನಿಂತ.

"ಮಾಸ್ಟ್ರೇ, ಪಂಪ್ ಪ್ರಯೋಜನ ಇಲ್ಲ ಅಂತ ಬರೆದುಬಿಡಿ. ಅಷ್ಟು ಸಾಕು."

"ನಾಲ್ಕು ಡಿಗ್ರಿಯವರೆಗೆ ಚೆನ್ನಾಗಿ ನಡೆಯಿತಲ್ಲ ಲಾರೆನ್ಸ್?"

"ನಡೆಯಿತು. ಅದು ನಮಗೆ ಮೂವರಿಗೆ ಮಾತ್ರ ಗೊತ್ತು."

ನಾನು ಬರೆದದ್ದು ಐದು ಸಾಲು. ಮೊದಲ ಮೂರು ಸಾಲಿನಲ್ಲಿ ಫರ್ನೇಸ್ ಎಲ್ಲ ಚಳಿಗೂ ಸಾಕಾಗುತ್ತದೆ ಎಂದಿತ್ತು. ಐದನೆಯದು ಸಹಿ. ನಾಲ್ಕನೇ ಸಾಲು ಹೀಗಿತ್ತು: ಹೊರಗಿನ ತಾಪ ನಾಲ್ಕು ಡಿಗ್ರಿಗಿಂತ ಮೇಲಿರುವಾಗ ಹೀಟ್ ಪಂಪ್ ಬಳಸಿದರೆ ಗ್ಯಾಸ್ ಉಳಿಯುತ್ತದೆ.

ಸುಳ್ಳೇ? ಅಲ್ಲ. ಅಕ್ಷರ ಅಕ್ಷರವೂ ನಿಜ. ಬರೆದು ಮುಗಿಸಿದಾಗ ನನಗೆ ಹೆಮ್ಮೆಯೇ ಆಗಿತ್ತು. ಫರ್ನೇಸ್ ಗೆದ್ದಿತಲ್ಲ, ಲಾರೆನ್ಸ್ ಊರಿಗೆ ಹೋಗುತ್ತಾನೆ, ನನ್ನ ಲೆಕ್ಕವೂ ಚುಕ್ತಾ ಎಂದುಕೊಂಡೆ.

ಅಬು ಸಾಲೆಹ್ ಕಾಗದವನ್ನು ಎರಡು ಸಲ ಓದಿದರು. ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟರು. "ಸಂಜೆಗೆ ಪಂಪ್, ಬೆಳಗಿನ ಜಾವಕ್ಕೆ ಗ್ಯಾಸ್. ತುಂಬಾ ಒಳ್ಳೆಯದು. ಇಬ್ಬರೂ ಹೋಗಲಿ."

ರಜೆಯ ವಿಷಯ ನಾನು ಹೇಳಿದೆ, ಎರಡು ಸಲ ಹೇಳಿದೆ. "ಮಾರ್ಚಿನಲ್ಲಿ ಹೋಗಲಿ. ನನ್ನ ತಾಯಿಗಿಂತ ಮದುವೆ ದೊಡ್ಡದಾ?" ಎಂದರು. ಅವರು ಕೆಟ್ಟವರಲ್ಲ. ತಾಯಿಯ ಮೇಲೆ ಪ್ರೀತಿ ಇದ್ದವರು. ಅಷ್ಟೇ.

ಇಬ್ಬರೂ ಹೋದರು. ಮತ್ತೆ ಆ ತಾಯಿ? ಮೊದಲ ದಿನ ಕ್ಯಾರವಾನಿನ ಬಾಗಿಲಲ್ಲಿ ತಲೆ ಹಾಕಿ ನೋಡಿದರಂತೆ. ತಗಡಿನ ಡಬ್ಬಿಯಲ್ಲಿ ಮನುಷ್ಯರು ಮಲಗುತ್ತಾರೆಯೇ ಎಂದು ಕೇಳಿದರಂತೆ. ಚಳಿಗಾಲವಿಡೀ ತಮ್ಮ ಡೇರೆಯಲ್ಲೇ, ಕುರಿಯ ತುಪ್ಪಳದ ದಪ್ಪ ನಿಲುವಂಗಿ ಹೊದ್ದು ಮಲಗಿದರು. ಕ್ಯಾರವಾನಿನಲ್ಲಿ ಇಪ್ಪತ್ತಮೂರು ಡಿಗ್ರಿಯಲ್ಲಿ ಮಲಗಿದ್ದು ಲಾರೆನ್ಸ್ ಮತ್ತು ಹಮೀದಾಕ.

ಫೆಬ್ರವರಿ ಮುಗಿದು ಇಬ್ಬರೂ ಮರಳಿದ ಮೇಲೆ, ಕಳೆದ ಶುಕ್ರವಾರ ಊರಿನಿಂದ ಮದುವೆಯ ವೀಡಿಯೊ ಕ್ಯಾಸೆಟ್ ಬಂತು. ಮಲಾಜ್‌ನ ಅವರ ಕೋಣೆಗೆ ನನ್ನನ್ನೂ ಕರೆದರು. ನಾನು ಹೋದೆ. (ಹೋಗದಿರಲು ಕಾರಣ ಹುಡುಕಿದ್ದೆ. ಸಿಗಲಿಲ್ಲ.) ತಂಗಿ ಇಗರ್ಜಿಯ ಬಾಗಿಲಿಗೆ ಬಂದಳು. ಕೈ ಹಿಡಿದಿದ್ದವರು ಸೋದರಮಾವ. ಲಾರೆನ್ಸ್ ರಿಮೋಟ್ ಒತ್ತಿ ಚಿತ್ರವನ್ನು ಅಲ್ಲೇ ನಿಲ್ಲಿಸಿದ.

"ಮಾವನ ಕೋಟಿನ ತೋಳು ಉದ್ದ ಆಯ್ತು" ಎಂದ. ನಂತರ ಮುಂದಕ್ಕೆ ಓಡಿಸಿದ.

ನನ್ನ ಕಡೆ ತಿರುಗಿದ. ಬಟ್ಟಲಿಗೆ ಇನ್ನಷ್ಟು ಮಿಕ್ಸ್ಚರ್ ಸುರಿದ.

ಹೊರಡುವಾಗ ಹಮೀದಾಕ ಮೆಟ್ಟಿಲವರೆಗೆ ಬಂದರು.

"ಮಾಸ್ಟ್ರೇ, ಫರ್ನೇಸ್ ಒಂದೇ ಸಾಕು ಅಂತ ಬರೆದು ನಿಲ್ಲಿಸಿದ್ದರೆ ನಾನೊಬ್ಬನೇ ಹೋಗ್ತಿದ್ದೆ. ಬೈತಾ ಬೈತಾ ಹೋಗ್ತಿದ್ದೆ. ಆದ್ರೆ ಹೋಗ್ತಿದ್ದೆ."

ಆ ನಾಲ್ಕನೇ ಸಾಲು ಯಾರಿಗೆ ಬೇಕಾಗಿತ್ತು, ನನ್ನೊಬ್ಬನಿಗಲ್ಲದೆ?