ಶಂಕರತ್ತೆಯ ಶಾಪ ಮತ್ತು ಮರಳೂರಿನ ಹೆಣ

ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ಅತ್ತೆ ಶಂಕರಮ್ಮನ ಹಾಗೆ ಶಾಪ ಹಾಕುವವರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಅಪ್ಪನ ಅಕ್ಕ ಅವಳು. ಹಣೆ ತುಂಬ ವಿಭೂತಿ, ಕೈಯಲ್ಲಿ ಹೂಬುಟ್ಟಿ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವ ಮುಖ. ಬಾಯಿ ತೆರೆದರೆ ಮಾತ್ರ "ನಿನ್ ಕೈ ಸೇದೋಗ, ನಿನ್ ಗಡ್ಡಕ್ಕೆ ಬೆಂಕಿ ಬೀಳ!" ಕೊತ್ತಂಬರಿ ಕಟ್ಟು ಸಣ್ಣದಾಯಿತು ಅಂತ ಸೊಪ್ಪಿನವನಿಗೆ ಒಂದು, ಹಾಲಿಗೆ ಬಾಯಿ ಹಾಕಿತು ಅಂತ ಬೆಕ್ಕಿಗೆ ಒಂದು. ಪಕ್ಕದ ಕ್ವಾರ್ಟರ್ಸಿನ ತಮಿಳರಿಂದ "ನಾಸಮಾ ಪೋ" ಅನ್ನುವುದನ್ನೂ ಕಲಿತುಕೊಂಡಿದ್ದಳು. ಯಾರಿಗೂ ಬೇಜಾರಿರಲಿಲ್ಲ. ಶಂಕರಮ್ಮ ಶಾಪ ಹಾಕಿದರೆ ಪ್ರೀತಿ, "ಬನ್ನಿ, ಕೂತ್ಕೊಳ್ಳಿ" ಎಂದು ಮರ್ಯಾದೆ ಕೊಟ್ಟರೆ ಏನೋ ಸಿಟ್ಟಿದೆ ಎಂದು ಇಡೀ ಬೀದಿಗೆ ಗೊತ್ತಿತ್ತು.

ಇಂಥವಳಿಗೆ ಇಷ್ಟವಾದ ಸಿನಿಮಾ ಯಾವುದು ಹೇಳಿ ನೋಡೋಣ. ಭಕ್ತಿ ಚಿತ್ರವಲ್ಲ, ಕಣ್ಣೀರಿನ ಧಾರಾವಾಹಿಯಂತೂ ಅಲ್ಲವೇ ಅಲ್ಲ. ಈಜಿಪ್ಟಿನ ಗೋರಿಯೊಳಗಿಂದ ಬಟ್ಟೆ ಸುತ್ತಿದ ಹೆಣ ಎದ್ದು ಬಂದು, ನಿಧಿ ಕದಿಯಲು ಬಂದವರನ್ನೆಲ್ಲ ಅಟ್ಟಿಸಿಕೊಂಡು ಹೋಗುವ ಇಂಗ್ಲಿಷ್ ಸಿನಿಮಾಗಳು! ಅವನ್ನು ಅವಳು "ಮರಳೂರಿನ ಪಿಚ್ಚರ್" ಅನ್ನುತ್ತಿದ್ದಳು. ಭಾನುವಾರ ಊಟವಾದ ಮೇಲೆ ಟಿವಿಯಲ್ಲಿ ಅಂಥದ್ದು ಬಂದರೆ ಮಾವ ಕಲ್ಲಪ್ಪ ಕುರ್ಚಿ ಎಳೆದುಕೊಳ್ಳುತ್ತಿದ್ದರು, ಅತ್ತೆ ನೆಲದ ಮೇಲೆ ಕಾಲು ಚಾಚುತ್ತಿದ್ದಳು. ಮಾವ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಯಂತ್ರಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ದನಿ ದೊಡ್ಡದಾಗಿತ್ತು. ಆ ದನಿಯಲ್ಲಿ ಅವರು ಸಿನಿಮಾದ ಉದ್ದಕ್ಕೂ ಅತ್ತೆಗೆ ಕಥೆ ಹೇಳುತ್ತಿದ್ದರು. ಅವರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಅರ್ಧ ಕಥೆ ಅವರದ್ದೇ.

"ದೆವ್ವದ ಪಿಚ್ಚರ್ ಅಂದ್ರೆ ಎದ್ದು ಹೋಗ್ತೀಯ, ಇದನ್ನ ಮಾತ್ರ ಹೇಗೆ ನೋಡ್ತೀಯ ಅತ್ತೆ?" ಎಂದು ನಾನೊಮ್ಮೆ ಕೇಳಿದ್ದೆ.

"ಅಯ್ಯೋ ಮಾರಾಯ್ತಿ, ದೆವ್ವದ ಪಿಚ್ಚರಲ್ಲಿ ನಗೋ ಹಂಗೇ ಇಲ್ವಲ್ಲೇ. ಇಲ್ಲಿ ನೋಡು, ಹಿಂದೆ ಹೆಣ ಬರ್ತಿದ್ರೂ ಗಂಡ ಹೆಂಡ್ತಿ ಜಗಳ ಆಡ್ಕೊಂಡೇ ಓಡ್ತಾರೆ. ಥೇಟ್ ನಮ್ಮನೆ. ಎಷ್ಟೇ ದೊಡ್ಡ ಶಾಪ ಆದ್ರೂ ಕೊನೇಲಿ ಬಿಟ್ಟು ಹೋಗತ್ತೆ. ಮನಸ್ಸಿಗೆ ಹಗುರ."

ಹೆಣದ ಮೇಲೂ ಅವಳಿಗೆ ಕನಿಕರವೇ. "ನಮ್ಮಲ್ಲಾದ್ರೆ ಕೈಲಿ ಲಿಂಗ ಕೊಟ್ಟು, ಕೂರಿಸಿ ಮಣ್ಣು ಮಾಡ್ತೀವಿ. ನೆಮ್ಮದಿಯಾಗಿ ಕೂತಿರ್ತಾರೆ. ಇವನನ್ನ ನೋಡು, ಮಲಗಿಸಿ ಮೈತುಂಬ ಬಟ್ಟೆ ಸುತ್ತಿದಾರೆ. ಅಂಥ ಊರಲ್ಲಿ ಸೆಕೆ ಆಗಲ್ವಾ? ಅದಕ್ಕೇ ಎದ್ದು ಬಂದಿದಾನೆ, ಪಾಪ."

ಎಲ್ಲ ಮರಳೂರಿನ ಪಿಚ್ಚರಿನಲ್ಲೂ ಒಬ್ಬ ಅಧಿಕಪ್ರಸಂಗಿ ಇರುತ್ತಾನೆ. ಗೋರಿಯ ಕಲ್ಲಿನ ಮೇಲೆ ಕೆತ್ತಿದ್ದನ್ನು ಗಟ್ಟಿಯಾಗಿ ಓದಿ ಹೆಣವನ್ನು ಎಬ್ಬಿಸುವವನು. ಅವನು ಬಾಯಿ ತೆರೆಯುವ ಹೊತ್ತಿಗೆ ಅತ್ತೆ ತೊಡೆ ತಟ್ಟಿ ಕೂಗಲೇಬೇಕು: "ಓದಬೇಡ್ವೋ! ನಿನ್ ನಾಲ್ಗೆ ಬಿದ್ದೋಗ!" ಮಾವ ಆ ಕೂಗಿಗಾಗಿ ಮೊದಲೇ ಅವಳ ಕಡೆ ತಿರುಗಿ ಕಾಯುತ್ತಿದ್ದರು. ಅವಳು ಕೂಗಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಷ್ಟು ಸಲ ಕೇಳಿದ್ದರೂ ಅದೇ ನಗು.

ಕಳೆದ ವರ್ಷ ಒಂದು ಭಾನುವಾರ ಅತ್ತೆ ಎಂದಿನಂತೆ ಆ ಅಧಿಕಪ್ರಸಂಗಿಗೆ ಶಾಪ ಹಾಕಿ ಮುಗಿಸಿದ್ದಳು. ಅಷ್ಟರಲ್ಲಿ ಮಾವ, "ನೋಡ್ತಿರು, ಕೊನೇಲಿ ಈ ಮುದುಕೀನೇ ಕಳ್ಳಿ" ಎಂದು ಕಥೆಯ ಗುಟ್ಟು ಒಡೆದುಬಿಟ್ಟರು. ಅತ್ತೆ ತಿರುಗಿ, "ನಿಮ್ ನಾಲ್ಗೇನೂ ಬಿದ್ದೋಗ ಕಣ್ರೀ!" ಅಂದಳು. ಗಂಡನಿಗೆ ಬಹುವಚನ ಕೊಟ್ಟೇ ಶಾಪ. "ಬಿದ್ರೆ ನೀನೇ ಎತ್ಕೊಡು" ಎಂದು ಮಾವ ನಕ್ಕರು.

ಅದಾಗಿ ವಾರ ಕಳೆದಿರಲಿಲ್ಲ. ಬೆಳಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಮಾವನ ಬಲಗೈ ಹಾಗೇ ಕೆಳಗೆ ಬಿತ್ತು. ಬಾಯಿ ವಾರೆಯಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಸ್ವಲ್ಪ ಸ್ವಲ್ಪ ನಡೆದಾಡುವಂತೆಯೂ ಆಯಿತು. ಮಾತು ಮಾತ್ರ ಹೋಯಿತು.

ನಾನು ಇಬ್ಬರನ್ನೂ ಶಿವಮೊಗ್ಗದಲ್ಲೇ ಗೋಪಾಳದಲ್ಲಿರುವ ನಮ್ಮ ಮನೆಗೆ ಕರೆತಂದೆ. ಅವರಿಗೆ ಮಕ್ಕಳಿಲ್ಲ, ನನ್ನನ್ನು ಎತ್ತಿ ಆಡಿಸಿದವರು. ನನ್ನ ಬ್ಯೂಟಿ ಪಾರ್ಲರ್ ಮನೆಯ ಮುಂದಿನ ಕೋಣೆಯಲ್ಲೇ ಇರುವುದರಿಂದ ನೋಡಿಕೊಳ್ಳುವುದು ಕಷ್ಟವಾಗಲಿಲ್ಲ. ಡಾಕ್ಟರು ಹೇಳಿದ್ದು ಒಂದೇ: "ಮನೇಲಿ ಮೊದಲು ಹೇಗೆ ಮಾತಾಡ್ತಿದ್ರೋ ಹಾಗೇ ಮಾತಾಡಿಸ್ತಾ ಇರಿ. ಯಾವ ಮಾತು ಮೊದಲು ವಾಪಸ್ ಬರತ್ತೆ ಅಂತ ಹೇಳೋಕಾಗಲ್ಲ." ನನ್ನ ಅತ್ತೆ ಏನು ಮಾಡಿದಳು ಗೊತ್ತೇ? ಬಾಯಿಗೆ ಬೀಗ ಹಾಕಿಕೊಂಡಳು! ಗಂಡನಿಗೆ "ಗಂಜಿ ಕುಡೀರಿ", "ಮಾತ್ರೆ ತಗೊಳ್ಳಿ", ಅಷ್ಟೇ. ನನಗೆ "ಸಂಧ್ಯಾ, ದಯವಿಟ್ಟು ಆ ತಟ್ಟೆ ಕೊಡ್ತೀಯಾ?" ದಯವಿಟ್ಟಂತೆ! ಮಾವ ಹಾಸಿಗೆಯಲ್ಲಿ ಕೂತು ಅವಳ ಬಾಯನ್ನೇ ನೋಡುವರು. ಅವಳು ತಲೆ ತಗ್ಗಿಸಿ ಒಳಗೆ ಹೋಗುವಳು. ಟಿವಿ ಹಾಕಿದರೆ ಎದ್ದೇ ಬಿಡುವಳು.

ಒಂದು ದಿನ ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ನಾನೇ ಕಣೇ ಮಾಡಿದ್ದು. ನಾಲ್ಗೆ ಬಿದ್ದೋಗ ಅಂದೆ. ಬಿದ್ದೋಯ್ತು. ಕೋಟೆ ಆಂಜನೇಯನಿಗೆ ಹೇಳ್ಕೊಂಡಿದೀನಿ, ಅವ್ರು ಮಾತಾಡೋ ತನಕ ಈ ಬಾಯಿಂದ ಒಂದು ಕೆಟ್ಟ ಮಾತು ಬರಲ್ಲ ಅಂತ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ನಿನ್ನ ಶಾಪ ತಟ್ಟೋ ಹಾಗಿದ್ರೆ ನ್ಯೂಟೌನಲ್ಲಿ ಒಬ್ರ ಕೈಯೂ ನೆಟ್ಟಗಿರ್ತಿರ್ಲಿಲ್ಲ, ಒಬ್ರ ಗಡ್ಡವೂ ಉಳೀತಿರ್ಲಿಲ್ಲ! ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೇ. ಮಾವನಿಗೆ ಬಿಪಿ ಇತ್ತು, ಉಪ್ಪಿನಕಾಯಿ ಬಿಡ್ತಿರ್ಲಿಲ್ಲ."

"ಪಿಚ್ಚರಲ್ಲಾದ್ರೆ ಶಾಪ ಬಿಡಿಸೋಕೆ ಇನ್ನೊಂದು ಕಲ್ಲಿರತ್ತೆ. ಅದನ್ನ ಓದಿದ್ರೆ ಆಯ್ತು. ನಾನೇನು ಓದ್ಲಿ ಹೇಳು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಅವಳ ಬೆನ್ನು ಸವರುತ್ತ ನಿಂತೆ.

ಮುಂದಿನ ಭಾನುವಾರ ಊಟವಾದ ಮೇಲೆ ನಾನು ಅವಳನ್ನು ಕೇಳದೆ ಟಿವಿಯಲ್ಲಿ ಒಂದು ಮರಳೂರಿನ ಪಿಚ್ಚರ್ ಹಾಕಿದೆ. ಅವರು ಮನೆಯಲ್ಲಿ ಹತ್ತಾರು ಸಲ ನೋಡಿದ್ದೇ. ಮಾವನ ಮುಖ ಅರಳಿತು. ಎಡಗೈಯಿಂದ ಕುರ್ಚಿ ತೋರಿಸಿದರು, ಎಳೆದು ಕೂರಿಸಿದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಜೋರಾಯಿತು.

ಆದರೆ ಆಸೆ ಬಿಡಬೇಕಲ್ಲ! ಜೀಪಿನ ಚಕ್ರಕ್ಕೆ ಹೆಣದ ಬಟ್ಟೆಯ ತುದಿ ಸಿಕ್ಕಿಕೊಂಡು, ಜೀಪು ಓಡಿದ ಹಾಗೆಲ್ಲ ಹೆಣ ಬುಗುರಿಯ ಹಾಗೆ ಗಿರಗಿರ ತಿರುಗುವ ಜಾಗ ಬಂದಾಗ ಪಾತ್ರೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಆ ಹೆಣ ಮತ್ತೆ ಗೋರಿ ಸೇರಿತು. ಇನ್ನೊಂದು ಗೋರಿ ಸಿಕ್ಕಿತು. ಅಧಿಕಪ್ರಸಂಗಿ ದೀಪ ಹಿಡಿದು ಕಲ್ಲಿನ ಮುಂದೆ ಬಂದ. ಕನ್ನಡಕ ಏರಿಸಿದ.

ಮಾವ ಹಳೆಯ ಅಭ್ಯಾಸದಂತೆ ಅತ್ತೆಯ ಕಡೆ ತಿರುಗಿದರು. ಕಾದರು.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣು ತುಂಬಿತ್ತು. ಅವನು ಮೊದಲ ಸಾಲು ಓದಿದ. ಮಾವ ಟಿವಿ ನೋಡಿದರು, ಮತ್ತೆ ಅವಳನ್ನು ನೋಡಿದರು, ಹುಬ್ಬೇರಿಸಿ ಕೇಳಿದರು. ಅವಳು ತಲೆ ಅಲ್ಲಾಡಿಸಿದಳು. ಅವನು ಎರಡನೆಯ ಸಾಲು ಓದಿದ, ಗೋರಿಯ ಮುಚ್ಚಳ ಕದಲಿತು. ಮಾವನಿಗೆ ತಡೆಯಲಾಗಲಿಲ್ಲ. ಎಡಗೈಯಿಂದ ತೊಡೆ ತಟ್ಟಿ, ವಾರೆ ಬಾಯಿಂದ, ಕಾರ್ಖಾನೆಯ ಅದೇ ದೊಡ್ಡ ದನಿಯಲ್ಲಿ ಕೂಗಿದರು:

"ನಿನ್... ನಾಲ್ಗೆ... ಬಿದ್ದೋಗ!"

ನಾನು ರಿಮೋಟ್ ಕೆಳಗೆ ಬೀಳಿಸಿದೆ. ಮಾವ ತಮ್ಮ ದನಿಗೆ ತಾವೇ ಬೆಚ್ಚಿ ಕೂತಿದ್ದರು. ಅತ್ತೆ ಓಡಿ ಬಂದು ಅವರ ಕಾಲಬಳಿ ಕುಸಿದು, ಎರಡೂ ಕೈಯಲ್ಲಿ ಆ ವಾರೆ ಮುಖ ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು.

"ನನ್ ಮಾತನ್ನೇ ಕದ್ರಲ್ರೀ! ನಿಮ್ ಬಾಯಿಗೆ..." ಎಂದವಳು ಗಕ್ಕನೆ ನಿಂತಳು. ಮಾವ ಗದ್ದ ಎತ್ತಿ ಕಾದರು. "...ನಿಮ್ ಬಾಯಿಗೆ ಸಕ್ಕರೆ ಹಾಕ" ಎಂದು ಮುಗಿಸಿದಳು.

ಮಾವ ಮುಖ ಸಿಂಡರಿಸಿ ತಲೆ ಅಲ್ಲಾಡಿಸಿದರು. ಅದಲ್ಲ ಎಂದು ಕೈ ಆಡಿಸಿದರು. ಅತ್ತೆ ನನ್ನ ಕಡೆ ನೋಡಿದಳು.

"ಹರಕೆ ತೀರಿತಲ್ಲ ಅತ್ತೆ, ಅವ್ರು ಮಾತಾಡಿದ್ರಲ್ಲ. ಇನ್ನೇನು, ಹಾಕು" ಅಂದೆ.

ಅತ್ತೆ ಮೂಗು ಒರೆಸಿಕೊಂಡಳು. ಗಂಡನ ಮುಖವನ್ನೇ ನೋಡುತ್ತ, ಹೆದರಿ ಹೆದರಿ, ಮೆಲ್ಲಗೆ ಅಂದಳು: "ಮಣ್ಣು ಹಾಕ ಕಣ್ರೀ. ನಿಮ್ ಬಾಯಿಗೆ ಮಣ್ಣು ಹಾಕ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಅವರ ಮಂಡಿಗೆ ತಲೆಯಾನಿಸಿ ಅಲ್ಲೇ ನೆಲದ ಮೇಲೆ ಕಾಲು ಚಾಚಿದಳು.