ಇಂಜಿನ್ ಇರುವ ಮನೆ, ಇಂಜಿನ್ ಇಲ್ಲದ ಮನೆ

ಆ ಮಾತು ನಮ್ಮ ಮನೆಯಲ್ಲಿ ಮೊದಲು ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ನನ್ನ ಗಂಡ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ನಾವಿರುವುದು ಉಪ್ಪಲ್‌ನಲ್ಲಿ. ಹೈದರಾಬಾದಿನ ಈ ತುದಿಯಿಂದ ಆ ತುದಿಗೆ ದಿನವೂ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಆ ಬಸ್ಸಿನ ಕಿಟಕಿಯಿಂದ ಹೆದ್ದಾರಿ ಪಕ್ಕದ ಅಂಗಳವೊಂದರಲ್ಲಿ ಏನನ್ನೋ ನೋಡಿ ಬಂದಿದ್ದರು.

"ಈ ಸಲ ಸೂಟಿಗೆ ಕ್ಯಾರವಾನ್ ತಗೊಂಡು ಹೋಗೂಣು," ಅಂದರು.

ಮಾವನವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು, "ಕಾರವಾನಕ್ಕ? ಅಲ್ಲೇನೈತಿ ನೋಡಾಕ? ಗಲ್ಲಿ ಗಲ್ಲಿ ಅಳದೀನಿ ನಾ," ಅಂದರು.

ಮಾವನವರು ಸರ್ವೇ ಇಲಾಖೆಯಲ್ಲಿ ಇದ್ದವರು. ಗೋಲ್ಕೊಂಡದ ಹಾದಿಯಲ್ಲಿರುವ ಕಾರವಾನ್ ಎಂಬ ಹಳೆಯ ಮೊಹಲ್ಲಾ ಅವರಿಗೆ ಚೆನ್ನಾಗಿ ಗೊತ್ತು. ಅದಲ್ಲ, ಇದು ಗಾಡಿ, ಒಳಗೆ ಮಂಚ, ಒಲೆ, ಬಾತ್‌ರೂಮು ಎಲ್ಲ ಇರುತ್ತದೆ ಎಂದು ನನ್ನ ಗಂಡ ವಿವರಿಸಿದರು. ಐದನೇ ಕ್ಲಾಸಿನ ನಮ್ಮ ಮಗಳು, "ಸಿನಿಮಾದವ್ರು ಮೇಕಪ್ ಮಾಡ್ಕೊಳ್ಳಾಕ ಕುಂದರತಾರಲ್ಲ, ಅದಾ?" ಎಂದು ಕೇಳಿದಳು. ಅದೇ ಅಂದರು. ಮರುದಿನ ಬೆಳಿಗ್ಗೆ ಎದ್ದವರೇ ಅದಲ್ಲ ಅಂದರು. ಫೋನಿನಲ್ಲಿ ಓದಿದ್ದರಂತೆ. ಇಂಜಿನ್ ಇದ್ದು ತಾನೇ ಓಡುವುದು ಮೋಟಾರ್‌ಹೋಮ್, ಇನ್ನೊಂದು ಗಾಡಿಯ ಹಿಂದೆ ಕಟ್ಟಿ ಎಳೆಯುವುದು ಕ್ಯಾರವಾನ್. ಸಿನಿಮಾದವರು ಕೂರುವುದು ಮೋಟಾರ್‌ಹೋಮಿನಂಥದ್ದೇ, ಆದರೆ ನಮ್ಮ ಊರಿನಲ್ಲಿ ಎಲ್ಲರೂ ಅದಕ್ಕೆ ಕ್ಯಾರವಾನ್ ಅನ್ನುತ್ತಾರೆ.

"ನೀವು ನೋಡಿದ್ದು ಯಾವುದ್ರಿ?" ಎಂದು ಕೇಳಿದೆ.

ಅವರು ಫೋನು ಕೆಳಗಿಟ್ಟರು. "ಬಸ್ ಜೋರ್ ಹೊಂಟಿತ್ತು. ಇಂಜಿನ್ ಕಡೆ ನೋಡಲಿಲ್ಲ ನಾ."

ಇಷ್ಟೆಲ್ಲ ಮಾಡುತ್ತಿದ್ದದ್ದು ಮಾವನವರಿಗಾಗಿ. ಎರಡು ವರ್ಷದ ಹಿಂದೆ ಅವರಿಗೆ ಪ್ರಾಸ್ಟೇಟ್ ಆಪರೇಷನ್ ಆಗಿತ್ತು. ಬೇಗ ಚೇತರಿಸಿಕೊಂಡರು. ಮನೆಯಲ್ಲಿ ಓಡಾಡುತ್ತಾರೆ, ಸಂಜೆ ಸ್ಟೇಡಿಯಂ ಕಡೆ ಒಂದು ಸುತ್ತು ಹೋಗಿಬರುತ್ತಾರೆ. ಆದರೆ ಊರು ಬಿಟ್ಟು ಎಲ್ಲಿಗೆ ಕರೆದರೂ, "ಮೊಣಕಾಲು ಭಾಳ ಬ್ಯಾನಿ ಆಗ್ತಾವ, ನೀವು ಹೋಗಿಬರ್ರಿ," ಅನ್ನುತ್ತಿದ್ದರು. ಅತ್ತೆಯವರು ಇಲ್ಲ, ಅವರೊಬ್ಬರನ್ನೇ ಬಿಟ್ಟು ಹೋಗಲು ನಮಗೆ ಮನಸ್ಸಾಗುತ್ತಿರಲಿಲ್ಲ. ಹೀಗೆ ಶಾಲೆಯ ನಾಲ್ಕು ರಜೆಗಳು ಮನೆಯಲ್ಲೇ ಕಳೆದಿದ್ದವು. ಕಾಲು ಚಾಚಲು ಜಾಗವಿರುವ ಗಾಡಿಯಾದರೆ ಬಂದಾರು ಎಂಬುದು ನನ್ನ ಗಂಡನ ಲೆಕ್ಕ.

ಅಂದು ಭಾನುವಾರ, ನಾಲ್ವರೂ ಆ ಅಂಗಳಕ್ಕೆ ಹೋದೆವು. ಅಲ್ಲಿ ಎರಡೂ ಬಗೆಯವು ನಿಂತಿದ್ದವು. ಮಾಲೀಕರು ಜಹೀರಾಬಾದ್ ಕಡೆಯವರು, ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು, ಹಿಂದಿ ಮೂರನ್ನೂ ಆಡುವವರು. ಹಳೆಯ ಉದ್ದನೆಯ ವ್ಯಾನುಗಳನ್ನು ಕೊಂಡು ತಾವೇ ವೆಲ್ಡಿಂಗ್ ಮಾಡಿ ಮನೆ ಮಾಡುತ್ತಿದ್ದರು. ಮಾರುತ್ತಿದ್ದರು, ಬಾಡಿಗೆಗೂ ಕೊಡುತ್ತಿದ್ದರು.

"ಇದು ಮೋಟಾರ್‌ಹೋಮ್ ಸಾಬ್. ಎಲ್ಲಾರೂ ಸೀಟಿನಾಗ ಬೆಲ್ಟ್ ಹಾಕ್ಕೊಂಡು ಕುಂದರಬೇಕು, ನಿಂತ ಮ್ಯಾಲ ಮಂಚ, ಅಡಗಿ," ಅಂದರು. ಆಮೇಲೆ ಬಿಳಿ ಪೆಟ್ಟಿಗೆಯಂತಿದ್ದ ಇನ್ನೊಂದನ್ನು ತಟ್ಟಿ, "ಇದು ಕ್ಯಾರವಾನ್. ನಮ್ಮ ಜೀಪಿನ ಹಿಂದ ಕಟ್ಟಿ ಕೊಡ್ತೀನಿ. ಚಲ್ತಾ ಗಾಡಿಯಾಗ ಇದರ ಒಳಗ ಯಾರೂ ಇರಬಾರ್ದು. ಮುಟ್ಟಿದ ಮ್ಯಾಲ ಇದನ್ನ ಬಿಚ್ಚಿ ನಿಲ್ಲಿಸಿ, ಜೀಪ್ ತಗೊಂಡು ಎಲ್ಲಿ ಬೇಕಾದಲ್ಲಿ ತಿರಗಬೌದು."

"ಎರಡರಾಗ ಯಾವುದು ಛಲೋ?" ಎಂದು ನಾನು ಕೇಳಿದೆ.

"ಎರಡೂ ಛಲೋನ ಅದಾವ್ರಿ ಅಕ್ಕಾರ."

"ನೀವಾಗಿದ್ರ ಯಾವುದು ತಗೋತಿದ್ರಿ, ಸೂಟಿಗೆ?"

ಅವರು ಕೈ ಒರೆಸಿಕೊಂಡರು. "ನಾ ಸೂಟಿನ ಮಾಡಂಗಿಲ್ಲರಿ."

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಬರೆಯಲು ಕೂತೆ. ಮೋಟಾರ್‌ಹೋಮಿನಲ್ಲಿ ಎಲ್ಲರೂ ಒಟ್ಟಿಗೆ ಇರಬಹುದು ಎಂದು ಬರೆದೆ. ಆದರೆ ಅಲ್ಲಿ ಹೋದ ಮೇಲೆ ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಕ್ಯಾರವಾನಿನ ಮೆಟ್ಟಿಲು ತಗ್ಗು, ಮಾವನವರ ಮೊಣಕಾಲಿಗೆ ಒಳ್ಳೆಯದು. ಆದರೆ ದಾರಿಯುದ್ದಕ್ಕೂ ಅವರು ಜೀಪಿನಲ್ಲಿ ಕಾಲು ಮಡಚಿ ಕೂರಬೇಕು. ಒಂದು ಕಡೆ ಬರೆದದ್ದು ಕೂಡಲೇ ಇನ್ನೊಂದು ಕಡೆಗೂ ಬರುತ್ತಿತ್ತು. ಕೊನೆಗೆ ಎರಡು ಕಾಲಮ್ಮುಗಳೂ ಒಂದೇ ಉದ್ದವಾದವು.

ಮುಂದೆ ಕೊಳ್ಳುವುದೇ ಆದರೆ ನಿಲ್ಲಿಸಲು ಜಾಗ ಬೇಕಲ್ಲ ಎಂದು ನನ್ನ ಗಂಡ ಅಪಾರ್ಟ್‌ಮೆಂಟಿನ ಸೆಕ್ರೆಟರಿಯನ್ನು ಕೇಳಿದರು. ಆತ ತೆಲುಗಿನಲ್ಲಿ, "ಇದಿ ಬಂಡಾ, ಇಲ್ಲಾ?" ಅಂದ. ಗಾಡಿಯೋ ಮನೆಯೋ ಎಂದು ಅರ್ಥ. ಪಕ್ಕದಲ್ಲಿದ್ದ ಮಗಳಿಗೆ ಅದು ಕನ್ನಡದ 'ಇಲ್ಲ' ಎಂದು ಕೇಳಿ, "ಇನ್ನೂ ಇಲ್ಲ ಅಂಕಲ್, ತಗೋಬೇಕು," ಅಂದಳು.

ಎರಡನ್ನೂ ಒಂದೊಂದು ಸಲ ಬಾಡಿಗೆಗೆ ತಗೊಂಡು ನೋಡಿ, ಆಮೇಲೆ ಗಟ್ಟಿ ಮಾಡೋಣ ಎಂದುಕೊಂಡೆವು. ಮೊದಲು ಮೋಟಾರ್‌ಹೋಮ್. ಬೀದರಿಗೆ ಎಂದಾಯಿತು. ಮಾವನವರು ಬಹಳ ಹೊತ್ತು ಒಪ್ಪಲಿಲ್ಲ. ಮಗಳು ಕಾಡಿದ ಮೇಲೆ, "ಆಯ್ತು ನಡೀರಿ," ಅಂದರು. ಅಂಗಳದ ಮಾಲೀಕರು ನನ್ನ ಗಂಡನಿಂದ ನಾಲ್ಕು ಸುತ್ತು ಓಡಿಸಿ ನೋಡಿ ಕೀಲಿ ಕೊಟ್ಟರು.

ಸಂಗಾರೆಡ್ಡಿ ದಾಟುವ ಮೊದಲೇ ಮಾವನವರು, "ಮುಂದ ಬಂಕ್ ಬಂದ್ರ ಒಂದೀಟು ನಿಲ್ಸು," ಅಂದರು. ಪೆಟ್ರೋಲ್ ಬಂಕಿನಲ್ಲಿ ಇಳಿದು ಹೋಗಿಬಂದರು. ಜಹೀರಾಬಾದ್ ಮುಟ್ಟುವುದರೊಳಗೆ ಇನ್ನೂ ಎರಡು ಸಲ ನಿಲ್ಲಿಸಿದೆವು. ಅವರು ಕುಳಿತ ಸೀಟಿನಿಂದ ಮೂರು ಹೆಜ್ಜೆಗೆ ಬಾತ್‌ರೂಮಿತ್ತು, ಹಿಂದಿನ ದಿನವಷ್ಟೇ ತೊಳೆದದ್ದು. ಅದನ್ನು ಬಿಟ್ಟು, ಎತ್ತರದ ಮೆಟ್ಟಿಲನ್ನು ಸರಸರನೆ ಇಳಿದು ಬಂಕಿನ ಹಿಂದಿನ ಮುರುಕು ಬಾಗಿಲ ಕಡೆಗೆ ನಡೆಯುತ್ತಿದ್ದರು. ಮೊಣಕಾಲು ನೋವು ಇರುವವರು ಹಾಗೆ ಇಳಿಯುವುದಿಲ್ಲ. ನನಗೆ ಏನೂ ತಿಳಿಯಲಿಲ್ಲ. ನೀರು ಬರುತ್ತಿಲ್ಲವೇನೋ ಎಂದು ನಾನೇ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿದೆ. ಬರುತ್ತಿತ್ತು.

ಬೀದರ್ ಕೋಟೆಯ ಹತ್ತಿರ ಗಾಡಿ ನಿಲ್ಲಿಸಿದೆವು. ಅಪ್ಪ ಮಗಳು ಕೋಟೆ ನೋಡಲು ಹೋದರು. ನಾನು ಚಹಾ ಮಾಡಿ ತಂದೆ. ಮಾವನವರು ಹೊರಗೆ ಮಡಚುವ ಕುರ್ಚಿಯಲ್ಲಿ ಕೂತಿದ್ದರು.

"ಮಾವಾರ, ಒಳಗ ಎಲ್ಲಾ ಐತಲ್ಲರಿ. ಮತ್ತ ಯಾಕ ಬಂಕಿನಾಗ ಇಳೀತೀರಿ?" ಎಂದು ಕೇಳಿಯೇಬಿಟ್ಟೆ.

ಅವರು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೋಟೆಯ ಕಡೆಗೆ ನೋಡುತ್ತಿದ್ದರು. ನಾನು ಬಿಸ್ಕೀಟು ತರಲು ಎದ್ದೆ.

"ಕುಂದ್ರವ್ವಾ," ಅಂದರು. "ಆಪರೇಷನ್ ಆದ ಮ್ಯಾಲ ಒಮ್ಮೆ ಬಂತಂದ್ರ ತಡಿಯಾಕ ಆಗಂಗಿಲ್ಲ. ಹ್ವಾದ್ರ ಭಾಳ ಹೊತ್ತು ಹಿಡೀತೈತಿ. ಒಳಗ ಆ ಬಾಗಲಾ ಕಾಗದದಂಗೈತಿ, ಎಲ್ಲಾ ಕೇಳಸ್ತೈತಿ. ಈ ಕಡೆ ನೀ ಕುಂತಿರ್ತಿ, ಆ ಕಡೆ ಕೂಸು. ಬಾಜೂಕ ಅಡಗಿ ಒಲಿ. ನನ್ನಿಂದ ಆಗಂಗಿಲ್ಲ."

"ಮೊಣಕಾಲು?"

"ಮೊಣಕಾಲಿಗೇನಾಗೈತಿ. ಹೇಳಾಕ ಒಂದು ಏನರ ಬೇಕಲ್ಲ."

ಎರಡು ವರ್ಷ ನಾನು ಅವರ ಮೊಣಕಾಲಿಗೆ ಎಣ್ಣೆ ಕಾಯಿಸಿ ಕೊಟ್ಟಿದ್ದೆ. ಅದನ್ನು ಏನು ಮಾಡುತ್ತಿದ್ದರೋ ಕೇಳಲಿಲ್ಲ. ಸಿಟ್ಟು ಬರಬೇಕೋ, ಅಳು ಬರಬೇಕೋ ಗೊತ್ತಾಗದೆ, "ಚಹಾ ಆರ್ತೈತ್ರಿ," ಅಂದೆ.

"ಅವನಿಗೆ ಹೇಳಬ್ಯಾಡ," ಅಂದರು. "ಡಾಕ್ಟರ್ ಹಂತೇಕ ಎಳಕೊಂಡು ಹೋಗ್ತಾನ. ನಾ ಹೋಗಿ ಕೇಳಿಬಂದೀನಿ. ಆಗೂದೇ ಇಷ್ಟಂತ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಊರಿಗೆ ಮರಳಿದ ಮೇಲೆ ನನ್ನ ಗಂಡ ಮೋಟಾರ್‌ಹೋಮೇ ಸೈ ಎಂದು ತೀರ್ಮಾನಿಸಿಬಿಟ್ಟಿದ್ದರು. ನಾನು ಕ್ಯಾರವಾನ್ ಪಕ್ಷ ಹಿಡಿದೆ. ಅದು ಬೇರೆಯೇ ಪೆಟ್ಟಿಗೆ. ಜೀಪು ನಿಲ್ಲಿಸಿದರೆ ಮಾವನವರು ಒಬ್ಬರೇ ಹಿಂದೆ ಹೋಗಿಬರಬಹುದು, ನಾವು ಮುಂದೆ ಕೂತಿರುತ್ತೇವೆ. ಈ ಕಾರಣವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಕೊತ್ತಂಬರಿಯ ಮಾತು ಹೇಳಿದೆ, ಮೆಟ್ಟಿಲಿನ ಮಾತು ಹೇಳಿದೆ, ಕಿಟಕಿ ದೊಡ್ಡವು ಅಂದೆ.

"ನೀನ ಎರಡೂ ಒಂದ ಅಂತ ಬರದಿದ್ದಿ. ಈಗೇನಾತು?" ಎಂದು ಅವರು ನನ್ನ ನೋಟ್‌ಬುಕ್ ತೆರೆದು ತೋರಿಸಿದರು.

"ವಿಚಾರ ಮಾಡೀನಿ," ಅಂದೆ. ಅವರು ನನ್ನನ್ನೇ ನೋಡಿದರು. ಗಣಿತದವಳ ತಲೆ ಕೆಟ್ಟಿತು ಎಂದುಕೊಂಡಿರಬೇಕು.

ಒಂದು ತಿಂಗಳಾದ ಮೇಲೆ ಕ್ಯಾರವಾನ್ ಕಟ್ಟಿಕೊಂಡು ವಿಕಾರಾಬಾದಿನ ಅನಂತಗಿರಿಗೆ ಹೊರಟೆವು. ಕ್ಯಾರವಾನಿನ ಕೀಲಿಯನ್ನು ನಾನು ಮಾವನವರ ಕೈಗೆ ಕೊಟ್ಟೆ. ದಾರಿಯಲ್ಲಿ ಅಗಲವಾದ ಜಾಗ ನೋಡಿ ನನ್ನ ಗಂಡ ಮೂರು ಸಲ ನಿಲ್ಲಿಸಿದರು. ಪ್ರತಿ ಸಲವೂ ಮಾವನವರು ಕೀಲಿ ತೆಗೆದುಕೊಂಡು ನಿಧಾನವಾಗಿ ಹಿಂದೆ ನಡೆದು ಹೋಗಿ, ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಬರುತ್ತಿದ್ದರು. ಮೂರನೇ ಸಲ ಬಂದವರು ತಮ್ಮ ನೌಕರಿಯ ಕಾಲದ ಮಾತು ತೆಗೆದರು. ಆ ಗುಡ್ಡಗಳಲ್ಲಿ ಸರಪಳಿ ಎಳೆದು ಅಳೆಯುವಾಗ ಜೇನು ಎದ್ದು ಎಲ್ಲರೂ ಓಡಿದ್ದನ್ನು ಮೊಮ್ಮಗಳಿಗೆ ಹೇಳಿದರು. ಅಷ್ಟು ಮಾತನ್ನು ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ. ಇಲ್ಲಿಗೆ ಎಲ್ಲ ಬಗೆಹರಿಯಿತು ಎಂದುಕೊಂಡೆ.

ಬೆಟ್ಟದ ತಿರುವಿನಲ್ಲಿ ಎದುರಿಗೆ ಸರ್ಕಾರಿ ಬಸ್ಸು ಬಂತು. ನನ್ನ ಗಂಡ ಹಿಂದೆ ಸರಿಸಲು ಹೋದರು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ಬಲಕ್ಕೆ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಹೀಗೆ ಮಾಡಿ ಮಾಡಿ ಜೀಪೂ ಕ್ಯಾರವಾನೂ ಒಂದಕ್ಕೊಂದು ಅಡ್ಡವಾಗಿ ರಸ್ತೆಯನ್ನು ಪೂರ್ತಿ ಮುಚ್ಚಿದವು. ಬಸ್ಸಿನ ಜನ ಇಳಿದು ಬಂದರು. ಒಬ್ಬೊಬ್ಬರು ಒಂದೊಂದು ಕಡೆ ತಿರುಗಿಸಲು ಹೇಳುತ್ತಿದ್ದರು, ಅದೂ ಮೂರು ಭಾಷೆಯಲ್ಲಿ. ಕೊನೆಗೆ ಮಾವನವರು ಇಳಿದು ರಸ್ತೆಯ ಮಧ್ಯೆ ನಿಂತರು. ಎಲ್ಲರನ್ನೂ ಸುಮ್ಮನಿರಿಸಿ, ಜೀಪಿನಿಂದ ಕ್ಯಾರವಾನನ್ನು ಬಿಚ್ಚಿಸಿ, ಬಸ್ಸಿನ ಹತ್ತು ಹನ್ನೆರಡು ಜನರಿಂದ ಅದನ್ನು ತಳ್ಳಿಸಿ ಬದಿಗೆ ಸರಿಸಿದರು. ಬಸ್ಸು ಹೋಯಿತು. ನನ್ನ ಗಂಡ ಜೀಪಿಗೆ ಒರಗಿ ನಿಂತಿದ್ದರು, ಅಂಗಿ ಪೂರ್ತಿ ಒದ್ದೆ.

"ಇನ್ನ ಜನ್ಮದಾಗ ಇದನ್ನ ಮುಟ್ಟಂಗಿಲ್ಲ," ಅಂದರು. ನಾನು ನೀರಿನ ಬಾಟಲಿ ತಂದು ಕೊಟ್ಟೆ.

ಮತ್ತೆ ಮೋಟಾರ್‌ಹೋಮೇ ಎಂದಾಯಿತು. ಬಸವಕಲ್ಯಾಣಕ್ಕೆ ಹೋಗೋಣ ಎಂದರು. ಮಾವನವರು ಮತ್ತೆ ಮೊಣಕಾಲು ಉಜ್ಜಿಕೊಳ್ಳತೊಡಗಿದರು. ನಾನು ಎರಡು ದಿನ ಯೋಚಿಸಿದೆ. ಹೇಳಬಾರದೆಂದು ಮಾತು ಕೊಟ್ಟಿದ್ದೆ. ಹೇಳದೆ ಏನಾದರೂ ಮಾಡಬೇಕಿತ್ತು. ಮೂರನೇ ದಿನ ಎಲ್ಲರೂ ಕೂತಿದ್ದಾಗ, "ನನಗ ಭಾಳ ಹೊತ್ತು ಕುಂತ್ರ ಸೊಂಟ ಹಿಡಕೋತೈತ್ರಿ. ತಾಸಿಗೊಮ್ಮೆ ಗಾಡಿ ನಿಲ್ಸಬೇಕು. ಎಲ್ಲಾರೂ ಇಳದು ಒಂದೀಟು ಅಡ್ಡಾಡೂಣು. ಮಾವಾರು ಬೇಕಾದ್ರ ಒಳಗ ಇರ್ಲಿ, ಅವರಿಗೆ ಮೊಣಕಾಲು," ಅಂದೆ.

ಮಾವನವರು ಪೇಪರಿನಿಂದ ತಲೆ ಎತ್ತಲಿಲ್ಲ.

ಹಾಗೆಯೇ ಮಾಡಿದೆವು. ತಾಸಿಗೊಮ್ಮೆ ಚಹಾ ಅಂಗಡಿಯೋ ಮರದ ನೆರಳೋ ನೋಡಿ ನಿಲ್ಲಿಸುವುದು, ನಾವು ಮೂವರೂ ಇಳಿದು ದೂರ ಹೋಗುವುದು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಅಡ್ಡಾಡುತ್ತಿದ್ದೆ. ಮಗಳು ಅವಸರ ಮಾಡಿದರೆ ಇನ್ನೊಂದು ಸುತ್ತು ನಡೆಯುತ್ತಿದ್ದೆ. ಮಾವನವರು ಕಿಟಕಿಯ ಪರದೆ ಸರಿಸಿದ ಮೇಲೆ ಮರಳಿ ಹತ್ತುವುದು. ಪರದೆಯ ಮಾತನ್ನು ನಾನಾಗಲಿ ಅವರಾಗಲಿ ಆಡಿಕೊಂಡಿರಲಿಲ್ಲ, ಅದು ತಾನಾಗಿಯೇ ರೂಢಿಯಾಯಿತು. ಬಸವಕಲ್ಯಾಣದಲ್ಲಿ ಅವರು ನಮಗಿಂತ ಮುಂದೆ ಮುಂದೆ ನಡೆದರು. ಕೋಟೆಯ ಮೆಟ್ಟಿಲುಗಳನ್ನೂ ಹತ್ತಿದರು. "ಅಪ್ಪಾ, ಮೊಣಕಾಲು," ಎಂದು ನನ್ನ ಗಂಡ ಕೂಗಿದಾಗ ಥಟ್ಟನೆ ನಿಂತು, ಕೈಯಿಂದ ಗೋಡೆ ಹಿಡಿದುಕೊಂಡರು.

ಆಮೇಲೆ ಇನ್ನೂ ಮೂರು ಸಲ ಹೋಗಿದ್ದೇವೆ. ಯಾವುದನ್ನೂ ಕೊಂಡಿಲ್ಲ, ಮೋಟಾರ್‌ಹೋಮನ್ನೇ ಬಾಡಿಗೆಗೆ ತರುತ್ತೇವೆ. ಶಾಲೆಯಲ್ಲಿ ಯಾರಾದರೂ ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ಹೇಳಲು ಶುರು ಮಾಡುತ್ತೇನೆ, ಅರ್ಧಕ್ಕೆ ಬಂದು ತಡವರಿಸುತ್ತೇನೆ. ನಿಜವಾದ ಕಾರಣ ಹೇಳುವಂತಿಲ್ಲ, ಉಳಿದ ಕಾರಣಗಳನ್ನು ನಾನೇ ನಂಬುವುದಿಲ್ಲ. ನನ್ನ ಗಂಡ ನನ್ನನ್ನು ಗಚ್ಚಿಬೌಲಿಯ ಒಬ್ಬ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಎಕ್ಸ್‌ರೇ ನೋಡಿ ಏನೂ ಇಲ್ಲ ಅಂದರು. ನನ್ನ ಗಂಡನಿಗೆ ಸಮಾಧಾನವಾಗಲಿಲ್ಲ, ಬೆನ್ನಿಗೆ ಇಟ್ಟುಕೊಳ್ಳುವ ಒಂದು ಗಟ್ಟಿ ದಿಂಬು ತಂದುಕೊಟ್ಟರು.

ಮೊನ್ನೆ ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ಮಾವನವರು ಕ್ಯಾಲೆಂಡರ್ ನೋಡುತ್ತಿದ್ದರು. "ದಸರಾ ಸೂಟಿ ಯಾವಾಗ?" ಎಂದು ಕೇಳಿದರು. ಹೇಳಿದೆ. ಆ ದಿನದ ಮೇಲೆ ಬೆರಳಿಟ್ಟು, "ಸೊಂಟ ಹೆಂಗೈತವ್ವಾ?" ಅಂದರು.

ಅವರ ಮುಖದಲ್ಲಿ ನಗು ಇರಲಿಲ್ಲ. ನನ್ನ ಸೊಂಟದಲ್ಲಿ ನಿಜವಾಗಿಯೂ ನೋವಿದೆ ಎಂದು ನಂಬಿದ್ದಾರೋ, ಎಲ್ಲ ತಿಳಿದೇ ಕೇಳುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ.

"ಕುಂತ್ರ ಹಿಡಕೋತೈತ್ರಿ ಇನ್ನೂ," ಅಂದೆ.

"ಹಂಗಾದ್ರ ನಿಲ್ಸಕೋತನ ಹೋಗೂಣು," ಎಂದು ಅವರು ಕ್ಯಾಲೆಂಡರಿನ ಹಾಳೆ ತಿರುವಿದರು.